ನ್ಯಾಸ್ ಲಾಗಿನ್ ಆಗುತ್ತಿಲ್ಲವೇ? ರೀಸೆಟ್ ಗುಂಡಿಗೆ ಕೈ ಹಾಕುವ ಮುನ್ನ

ಪ್ರಶ್ನೆ: ನಮ್ಮ ಐದು ಜನರ ಕಚೇರಿಯಲ್ಲಿ ನಾಲ್ಕು ಹಾರ್ಡ್ ಡಿಸ್ಕ್‌ಗಳ ನ್ಯಾಸ್ ಪೆಟ್ಟಿಗೆ (ನೆಟ್‌ವರ್ಕ್ ಮೂಲಕ ಎಲ್ಲರೂ ಬಳಸುವ ಫೈಲು ಸಂಗ್ರಹ) ಇದೆ. ರೇಡ್ 5ರಲ್ಲಿ (ಒಂದು ಡಿಸ್ಕ್ ಕೆಟ್ಟರೂ ಫೈಲು ಉಳಿಯುವಂತೆ ಹಲವು ಡಿಸ್ಕ್‌ಗಳನ್ನು ಜೋಡಿಸುವ ವಿಧಾನ) ಸುಮಾರು 6 ಟಿಬಿ ಲೆಕ್ಕಪತ್ರ, ಫೋಟೊ, ವಿಡಿಯೊ ಇಟ್ಟಿದ್ದೇವೆ. ಮೊನ್ನೆ ಪಾಸ್‌ವರ್ಡ್ ಬದಲಾಯಿಸಿದೆ. ಮಾರನೆಯ ದಿನದಿಂದ ನನ್ನ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಫೋಲ್ಡರೂ ತೆರೆಯುತ್ತಿಲ್ಲ, ಬ್ರೌಸರಿನಲ್ಲಿ ಲಾಗಿನ್ನೂ ಆಗುತ್ತಿಲ್ಲ. ಮೊಬೈಲ್ ಆ್ಯಪ್ ಮಾತ್ರ ನಡೆಯುತ್ತಿದೆ. ರೀಸೆಟ್ ಗುಂಡಿ ಒತ್ತಿದರೆ ಸರಿಹೋಗುತ್ತದೆ ಎನ್ನುತ್ತಾರೆ. ಒತ್ತಿದರೆ ಫೈಲುಗಳು ಉಳಿಯುತ್ತವೆಯೇ? ಬೇರೆ ಬ್ಯಾಕಪ್ ಇಲ್ಲ.

ಉತ್ತರ: ಗುಂಡಿ ಇವತ್ತು ಒತ್ತಬೇಡಿ. ಲಕ್ಷಣ ನೋಡಿದರೆ ಪೆಟ್ಟಿಗೆ ಕೆಟ್ಟಂತಿಲ್ಲ. ನಿಮ್ಮ ಲ್ಯಾಪ್‌ಟಾಪಿನ ಐಪಿ ವಿಳಾಸವನ್ನು (ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸುವ ಸಂಖ್ಯೆ) ನ್ಯಾಸ್ ತಾನಾಗಿಯೇ ತಡೆಹಿಡಿದಿರುವ ಸಾಧ್ಯತೆ ಹೆಚ್ಚು. ಪಾಸ್‌ವರ್ಡ್ ಬದಲಿಸಿದ್ದು ನ್ಯಾಸ್‌ನಲ್ಲಿ ಮಾತ್ರ. ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿ ಹಳೆಯದು ಹಾಗೇ ಕೂತಿದೆ. ಹಿನ್ನೆಲೆಯಲ್ಲಿ ಓಡುವ ಸಿಂಕ್ ಆ್ಯಪ್, ಬ್ಯಾಕಪ್ ಪ್ರೋಗ್ರಾಂ, ಮ್ಯಾಪ್ ಮಾಡಿದ ಡ್ರೈವ್ (ಲ್ಯಾಪ್‌ಟಾಪಿನದೇ ಡ್ರೈವ್‌ನಂತೆ ಕಾಣುವ ನ್ಯಾಸ್ ಫೋಲ್ಡರ್) ಇವೆಲ್ಲ ಆ ಹಳೆಯ ಪಾಸ್‌ವರ್ಡನ್ನೇ ಹಿಡಿದು ಮತ್ತೆ ಮತ್ತೆ ಬಾಗಿಲು ತಟ್ಟುತ್ತವೆ. ನ್ಯಾಸ್ ಅದನ್ನು ಕಳ್ಳನ ಕೆಲಸವೆಂದು ಭಾವಿಸಿ ಆ ವಿಳಾಸಕ್ಕೆ ಬೀಗ ಹಾಕುತ್ತದೆ. ಸೈನಾಲಜಿ ಕಂಪನಿಯ ನ್ಯಾಸ್‌ಗಳ ಕಾರ್ಯವ್ಯವಸ್ಥೆ ಡಿಎಸ್‌ಎಂನಲ್ಲಿ ಈ ಮಿತಿ ಸಾಮಾನ್ಯವಾಗಿ 5 ನಿಮಿಷದಲ್ಲಿ 10 ತಪ್ಪು ಪ್ರಯತ್ನ. ಅದು ದಾಟಿದ ಮೇಲೆ ನೀವು ಸರಿಯಾದ ಪಾಸ್‌ವರ್ಡ್ ಹೊಡೆದರೂ ಒಳಗೆ ಬಿಡುವುದಿಲ್ಲ. ಮೊಬೈಲಿಗೆ ಬೇರೆ ಐಪಿ ಇರುವುದರಿಂದ ಅದು ಪಾರಾಗಿದೆ.

ಒಂದು ಎಚ್ಚರಿಕೆ: ಮೊಬೈಲ್ ಆ್ಯಪಿನಿಂದ ಲಾಗ್‌ಔಟ್ ಮಾಡಲೇಬೇಡಿ. ಅದು ಹಿಂದೆ ಪಡೆದ ಟೋಕನ್ (ಮತ್ತೆ ಪಾಸ್‌ವರ್ಡ್ ಕೇಳದಂತೆ ಕೊಟ್ಟ ಪ್ರವೇಶ ಚೀಟಿ) ಮೇಲೆ ನಡೆಯುತ್ತಿರಬಹುದು. ಹಾಗಾಗಿ ಆ್ಯಪ್ ನಡೆಯುತ್ತಿದೆ ಎಂದ ಮಾತ್ರಕ್ಕೆ ಹೊಸ ಪಾಸ್‌ವರ್ಡ್ ನಿಮಗೆ ಸರಿಯಾಗಿ ನೆನಪಿದೆ ಎಂದಾಗಲಿಲ್ಲ. ಒಳಗೆ ಒಂದು ಕಾಲಾದರೂ ಇರುವಾಗಲೇ ಅತಿ ಮುಖ್ಯವಾದ ಲೆಕ್ಕಪತ್ರದ ಫೋಲ್ಡರನ್ನು ಆ್ಯಪ್ ಮೂಲಕ ಫೋನಿಗೆ ಇಳಿಸಿಕೊಳ್ಳಿ. ಕೆಲವು ಜಿಬಿ ಅಷ್ಟೇ ಆಗಬಹುದು, ಆದರೆ ಕೆಲಸ ನಿಲ್ಲದಿರಲು ಅಷ್ಟು ಸಾಕು.

ಈಗ ಬೀಗ ತೆಗೆಯುವ ಕೆಲಸ. ಇಲ್ಲಿ ಕ್ರಮ ಮುಖ್ಯ. ತಡೆಪಟ್ಟಿಯಿಂದ ಮೊದಲು ಐಪಿ ತೆಗೆದರೆ, ಲ್ಯಾಪ್‌ಟಾಪ್ ಅದೇ ಹಳೆಯ ಪಾಸ್‌ವರ್ಡಿನಿಂದ ತಟ್ಟಿ ಹತ್ತು ನಿಮಿಷದೊಳಗೆ ಮತ್ತೆ ಸಿಕ್ಕಿಬೀಳುತ್ತದೆ. ಆದ್ದರಿಂದ ಮೊದಲು ಲ್ಯಾಪ್‌ಟಾಪನ್ನು ನೆಟ್‌ವರ್ಕಿನಿಂದ ಬಿಡಿಸಿ, ಸಿಂಕ್ ಆ್ಯಪ್‌ಗಳನ್ನು ಮುಚ್ಚಿ. ವಿಂಡೋಸ್ ಕಂಟ್ರೋಲ್ ಪ್ಯಾನೆಲ್‌ನಲ್ಲಿ, ಉಳಿಸಿದ ಪಾಸ್‌ವರ್ಡುಗಳಿರುವ ಕ್ರೆಡೆನ್ಶಿಯಲ್ ಮ್ಯಾನೇಜರ್ ತೆರೆದು, ವಿಂಡೋಸ್ ಕ್ರೆಡೆನ್ಶಿಯಲ್ಸ್ ವಿಭಾಗದಲ್ಲಿ ನ್ಯಾಸ್‌ಗೆ ಸೇರಿದ ಎಲ್ಲ ನಮೂದುಗಳನ್ನೂ ಅಳಿಸಿ. ಹೆಸರಿನಲ್ಲಿ ಒಂದು, ಐಪಿ ವಿಳಾಸದಲ್ಲಿ ಇನ್ನೊಂದು ಎಂದು ಎರಡು ನಮೂದುಗಳಿರುವುದು ಮಾಮೂಲು. ಒಂದನ್ನು ಅಳಿಸಿ ಇನ್ನೊಂದನ್ನು ಮರೆಯುವುದೂ ಅಷ್ಟೇ ಮಾಮೂಲು. ಆಮೇಲೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ನೆಟ್ ಯೂಸ್’ (net use) ಆಜ್ಞೆ ಕೊಟ್ಟು ಯಾವ ಸಂಪರ್ಕಗಳು ಉಳಿದಿವೆ ನೋಡಿ, ‘ನೆಟ್ ಯೂಸ್ * /ಡಿಲೀಟ್’ (net use * /delete) ಎಂದು ಎಲ್ಲವನ್ನೂ ಕಡಿದು, ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿ. ಬ್ರೌಸರ್ ತಾನಾಗಿ ತುಂಬುವ ಹಳೆಯ ಪಾಸ್‌ವರ್ಡನ್ನೂ ಅಳಿಸಿ.

ಇಷ್ಟಾದ ಮೇಲೆ ಫೋನಿನ ಬ್ರೌಸರಿನಲ್ಲಿ ಅಥವಾ ಸಹೋದ್ಯೋಗಿಯ ಕಂಪ್ಯೂಟರಿನಲ್ಲಿ ನ್ಯಾಸ್‌ನ ಆಡಳಿತ ಪುಟ ತೆರೆಯಿರಿ. ವಿಳಾಸದ ಕೊನೆಗೆ ಹಾಕುವ ಪೋರ್ಟ್ ಸಂಖ್ಯೆ ಸೈನಾಲಜಿಯಾದರೆ 5000 ಅಥವಾ ಸುರಕ್ಷಿತ ಸಂಪರ್ಕಕ್ಕೆ 5001. ಕ್ಯೂನ್ಯಾಪ್ ಕಂಪನಿಯದಾದರೆ ಸಾಮಾನ್ಯವಾಗಿ 8080 ಅಥವಾ 443. ನ್ಯಾಸ್‌ನ ಕಂಟ್ರೋಲ್ ಪ್ಯಾನೆಲ್‌ನ ಸೆಕ್ಯುರಿಟಿ ವಿಭಾಗದಲ್ಲಿ ತಡೆಪಟ್ಟಿ ಸಿಗುತ್ತದೆ. ಲ್ಯಾಪ್‌ಟಾಪಿನ ಐಪಿ ಅಲ್ಲಿದ್ದರೆ ತೆಗೆಯಿರಿ. ಬೇರೆ ಯಂತ್ರ ಯಾವುದೂ ಕೈಗೆ ಸಿಗದಿದ್ದರೆ ಲ್ಯಾಪ್‌ಟಾಪನ್ನು ವೈಫೈ ಬಿಡಿಸಿ ಕೇಬಲ್‌ಗೆ ಹಾಕಿ. ರೌಟರ್ ಬೇರೆ ಐಪಿ ಕೊಡುತ್ತದೆ, ತಡೆ ಇದ್ದದ್ದು ಹಳೆಯ ಐಪಿಗೆ. ಈ ಸಣ್ಣ ಉಪಾಯದಿಂದಲೇ ಎಷ್ಟೋ ರೀಸೆಟ್‌ಗಳು ತಪ್ಪುತ್ತವೆ.

ತಡೆಪಟ್ಟಿಯಲ್ಲಿ ನಿಮ್ಮ ಐಪಿ ಇಲ್ಲವೆಂದಾದರೆ ನನ್ನ ಊಹೆ ತಪ್ಪು. ಆಗ ಮುಚ್ಚಿರುವುದು ಯಾವ ಬಾಗಿಲು ಎಂದು ಹುಡುಕಬೇಕು. ನ್ಯಾಸ್‌ಗೆ ಹೋಗುವ ಬಾಗಿಲುಗಳು ಮೂರು: ನೆಟ್‌ವರ್ಕ್, ಬ್ರೌಸರಿನ ಆಡಳಿತ ಪುಟ, ಫೈಲುಗಳ ಎಸ್‌ಎಂಬಿ ಹಂಚಿಕೆ (ನೆಟ್‌ವರ್ಕಿನಲ್ಲಿ ಫೋಲ್ಡರ್ ತೆರೆಯಲು ವಿಂಡೋಸ್ ಬಳಸುವ ವಿಧಾನ). ‘ಲಾಗಿನ್ ಆಗುತ್ತಿಲ್ಲ’ ಎಂಬ ಒಂದೇ ಮಾತು ಮೂರಕ್ಕೂ ಬಳಕೆಯಾಗುವುದರಿಂದಲೇ ಗೊಂದಲ.

ಮೊದಲು ಕಮಾಂಡ್ ಪ್ರಾಂಪ್ಟ್‌ನಲ್ಲಿ ನ್ಯಾಸ್‌ನ ಐಪಿಗೆ ಪಿಂಗ್ ಮಾಡಿ, ಅಂದರೆ ಅದು ಓಗೊಡುತ್ತದೆಯೇ ನೋಡಿ. ಉತ್ತರ ಬರದಿದ್ದರೆ ಪಾಸ್‌ವರ್ಡಿನ ಚಿಂತೆ ಆಮೇಲೆ. ರೌಟರ್ ನ್ಯಾಸ್‌ಗೆ ಹೊಸ ಐಪಿ ಕೊಟ್ಟಿರಬಹುದು, ಅಥವಾ ಅದೇ ಐಪಿ ಇನ್ನೊಂದು ಯಂತ್ರಕ್ಕೂ ಸಿಕ್ಕಿರಬಹುದು. ರೌಟರಿನ ಡಿಎಚ್‌ಸಿಪಿ ಪಟ್ಟಿಯಲ್ಲಿ (ಯಾವ ಯಂತ್ರಕ್ಕೆ ಯಾವ ಐಪಿ ಕೊಟ್ಟಿದೆ ಎಂಬ ಪಟ್ಟಿ), ಇಲ್ಲವೇ ಸೈನಾಲಜಿ ಅಸಿಸ್ಟೆಂಟ್, ಕ್ಯೂಫೈಂಡರ್ ಪ್ರೊನಂಥ ಪ್ರೋಗ್ರಾಂಗಳಲ್ಲಿ ಹುಡುಕಿ. ವಿಳಾಸ 169.254 ಎಂದು ಶುರುವಾಗಿದ್ದರೆ ನ್ಯಾಸ್‌ಗೆ ರೌಟರಿನಿಂದ ಐಪಿ ಸಿಕ್ಕೇ ಇಲ್ಲ. ಕೇಬಲ್ಲನ್ನೂ ಸ್ವಿಚ್ಚನ್ನೂ ನೋಡಿ. ಸಿಕ್ಕ ಮೇಲೆ ರೌಟರಿನಲ್ಲೇ ನ್ಯಾಸ್‌ಗೊಂದು ಐಪಿ ಕಾಯ್ದಿರಿಸಿ, ಈ ಕಾಟ ಮತ್ತೆ ಬರುವುದಿಲ್ಲ.

ಆಡಳಿತ ಪುಟ ತೆರೆಯುತ್ತದೆ, ಫೋಲ್ಡರ್ ಮಾತ್ರ ತೆರೆಯುವುದಿಲ್ಲ ಎಂದರೆ ವಿಂಡೋಸ್ ತೋರಿಸುವ ದೋಷದ ಸಂಖ್ಯೆ ಓದಿ. 53 ಅಥವಾ 0x80070035 ಬಂದರೆ ದಾರಿಯೇ ಸಿಗುತ್ತಿಲ್ಲ, ಅಂದರೆ ಹೆಸರು, ಫೈರ್‌ವಾಲ್ ಅಥವಾ ಎಸ್‌ಎಂಬಿಯ ಪೋರ್ಟ್ 445ರ ತೊಂದರೆ. 86 ಬಂದರೆ ಪಾಸ್‌ವರ್ಡ್ ತಪ್ಪು. 5 ಬಂದರೆ ನಿಮ್ಮನ್ನು ಗುರುತಿಸಿದೆ, ಆದರೆ ಆ ಫೋಲ್ಡರಿಗೆ ಅನುಮತಿ ಇಲ್ಲ. ಪಾಸ್‌ವರ್ಡ್ ಎಷ್ಟು ಸಲ ಬದಲಿಸಿದರೂ ಪ್ರಯೋಜನವಾಗದು, ನ್ಯಾಸ್‌ನಲ್ಲಿ ಆ ಹಂಚಿಕೆಯ ಅನುಮತಿಗಳನ್ನು ತಿದ್ದಬೇಕು. 1219 ಎಂದರೆ ಒಂದೇ ಸರ್ವರಿಗೆ ಎರಡು ಬಳಕೆದಾರ ಹೆಸರಿನಿಂದ ಸಂಪರ್ಕ ಸಾಧಿಸಲು ನೋಡಿದ್ದೀರಿ. ವಿಂಡೋಸ್ ಅದನ್ನು ಒಪ್ಪುವುದಿಲ್ಲ. ಹಳೆಯ ಸಂಪರ್ಕ ಕಡಿದು ಮತ್ತೆ ಪ್ರಯತ್ನಿಸಿ.

ಲಾಗಿನ್ ಕಿಟಕಿಯಲ್ಲಿ ವಿಂಡೋಸ್ ಪಿನ್ ಹೊಡೆಯುವವರು ಬಹಳ. ಪಿನ್ ಆ ಲ್ಯಾಪ್‌ಟಾಪಿಗೆ ಮಾತ್ರ, ನ್ಯಾಸ್‌ಗೆ ಅದು ಗೊತ್ತೇ ಇಲ್ಲ. ಮೈಕ್ರೋಸಾಫ್ಟ್ ಖಾತೆಯಿಂದ ಲ್ಯಾಪ್‌ಟಾಪ್ ತೆರೆಯುವವರಿಗೆ ಇನ್ನೊಂದು ತೊಡಕು: ವಿಂಡೋಸ್ ಆ ಖಾತೆಯ ಹೆಸರನ್ನೇ ನ್ಯಾಸ್‌ಗೂ ಕಳಿಸುತ್ತದೆ. ಬಳಕೆದಾರ ಹೆಸರಿನ ಜಾಗದಲ್ಲಿ ನ್ಯಾಸ್‌ನ ಹೆಸರು, ಹಿಮ್ಮುಖ ಗೀರು, ನಂತರ ನ್ಯಾಸ್‌ನ ಬಳಕೆದಾರ ಹೆಸರು ಹೀಗೆ ಪೂರ್ತಿ ಬರೆಯಿರಿ. ಕೀಲಿಮಣೆಯ ಭಾಷೆ ಬದಲಾಗಿದೆಯೇ, ಕ್ಯಾಪ್ಸ್ ಲಾಕ್ ಬಿದ್ದಿದೆಯೇ ಎಂದೂ ನೋಡಿ. ಪಾಸ್‌ವರ್ಡನ್ನು ನೋಟ್‌ಪ್ಯಾಡಿನಲ್ಲಿ ಒಮ್ಮೆ ಹೊಡೆದು ನೋಡಿದರೆ ತಿಳಿಯುತ್ತದೆ.

ಪಾಸ್‌ವರ್ಡ್ ಬದಲಿಸಿದ ದಿನವೇ ವಿಂಡೋಸ್ ಅಪ್‌ಡೇಟ್ ಕೂಡ ಆಗಿತ್ತೇ ಎಂದು ವಿಚಾರಿಸಿ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಎಸ್‌ಎಂಬಿ ಸಂಪರ್ಕಕ್ಕೆ ಡಿಜಿಟಲ್ ಸಹಿ (ನಡುವೆ ಯಾರೂ ತಿದ್ದಿಲ್ಲ ಎಂಬ ಖಾತರಿ) ಕಡ್ಡಾಯ. ಪಾಸ್‌ವರ್ಡ್ ಇಲ್ಲದ ಅತಿಥಿ ಪ್ರವೇಶವನ್ನು ಪ್ರೊ ಆವೃತ್ತಿಯಲ್ಲೂ ನಿಲ್ಲಿಸಿದ್ದಾರೆ. ಅತಿಥಿ ಖಾತೆಯಲ್ಲಿ ಸಹಿ ಹಾಕಲು ಬೇಕಾದ ಕೀಲಿ ಹುಟ್ಟುವುದೇ ಇಲ್ಲ, ಆದ್ದರಿಂದ ಎಲ್ಲರಿಗೂ ತೆರೆದಿಟ್ಟ ಫೋಲ್ಡರುಗಳು ಒಮ್ಮೆಲೇ ಮುಚ್ಚಿಕೊಳ್ಳುತ್ತವೆ. ರಿಜಿಸ್ಟ್ರಿ ತಿದ್ದಿ ಈ ರಕ್ಷಣೆ ಕೆಳಗಿಳಿಸುವ ಸಲಹೆ ಎಲ್ಲೆಡೆ ಸಿಗುತ್ತದೆ. ಅದು ಬೇಡ. ನ್ಯಾಸ್‌ನಲ್ಲಿ ಪ್ರತಿಯೊಬ್ಬರಿಗೂ ಪಾಸ್‌ವರ್ಡ್ ಇರುವ ಖಾತೆ ಮಾಡಿ, ಎಸ್‌ಎಂಬಿಯ ಕನಿಷ್ಠ ಆವೃತ್ತಿ 2 ಎಂದಿಡಿ. ಎಸ್‌ಎಂಬಿ 1 ಬಿಟ್ಟು ಬೇರೇನೂ ಬಾರದಷ್ಟು ಹಳೆಯ ಪೆಟ್ಟಿಗೆಯಾದರೆ ಅದಕ್ಕೆ ನಿವೃತ್ತಿ ಕೊಡುವ ಕಾಲ ಬಂದಿದೆ; 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ಕುತಂತ್ರಾಂಶ) ಹರಡಿದ್ದು ವಿಂಡೋಸಿನ ಎಸ್‌ಎಂಬಿ 1ರ ಬಿರುಕಿನಿಂದಲೇ.

ಕಚೇರಿಯಲ್ಲಿ ಲಿನಕ್ಸ್ ಬಳಸುವವರಿದ್ದರೆ: ಮೌಂಟ್ ಮಾಡುವಾಗ (ನ್ಯಾಸ್ ಫೋಲ್ಡರನ್ನು ಯಂತ್ರಕ್ಕೆ ಜೋಡಿಸುವಾಗ) ದೋಷ 13 ಬಂದರೆ ಹೆಸರು, ಪಾಸ್‌ವರ್ಡ್ ಅಥವಾ ಅನುಮತಿ ತಪ್ಪು, 112 ಬಂದರೆ ‘ಯಂತ್ರ ಕೆಳಗಿದೆ’ ಎಂದು ಹೇಳಿದರೂ ಬಹುಪಾಲು ಎಸ್‌ಎಂಬಿ ಆವೃತ್ತಿ ಹೊಂದಿಕೆಯಾಗದ್ದೇ ಕಾರಣ. ಪಾಸ್‌ವರ್ಡಿನಲ್ಲಿ ಅಲ್ಪವಿರಾಮ ಇದ್ದರೆ ಮೌಂಟ್ ಆಜ್ಞೆ ಅದನ್ನು ಅಲ್ಲಿಗೇ ತುಂಡು ಮಾಡುತ್ತದೆ, ಹಾಗಾಗಿ ಪಾಸ್‌ವರ್ಡನ್ನು ಪ್ರತ್ಯೇಕ ಕ್ರೆಡೆನ್ಶಿಯಲ್ ಫೈಲಿನಲ್ಲಿ ಇಡಿ. ಮ್ಯಾಕ್ ಕಂಪ್ಯೂಟರಿನಲ್ಲಿ ಕೀಚೈನ್‌ನ (ಪಾಸ್‌ವರ್ಡ್ ಭಂಡಾರದ) ಹಳೆಯ ನಮೂದು ಅಳಿಸಿದರೆ ಸಾಕು.

ಪಾಸ್‌ವರ್ಡ್ ಸರಿಯಿದ್ದೂ ಎರಡನೇ ಹಂತದ ಆರಂಕಿಯ ಸಂಖ್ಯೆ ಒಪ್ಪದಿದ್ದರೆ ಗಡಿಯಾರ ನೋಡಿ. ಆ ಸಂಖ್ಯೆ ಪ್ರತಿ 30 ಸೆಕೆಂಡಿಗೊಮ್ಮೆ ಬದಲಾಗುವುದು ಸಮಯದ ಲೆಕ್ಕದಿಂದ. ಫೋನಿನ ಗಡಿಯಾರಕ್ಕೂ ನ್ಯಾಸ್‌ನ ಗಡಿಯಾರಕ್ಕೂ ಒಂದೆರಡು ನಿಮಿಷ ಅಂತರ ಬಿದ್ದರೆ ಸರಿಯಾದ ಸಂಖ್ಯೆಯೂ ತಪ್ಪಾಗುತ್ತದೆ. ಫೋನಿನಲ್ಲಿ ಸ್ವಯಂ ಸಮಯ ಹಾಕಿ. ನ್ಯಾಸ್ ಕರೆಂಟ್ ಹೋದಾಗಲೆಲ್ಲ ದಿನಾಂಕ ಮರೆಯುತ್ತಿದ್ದರೆ ಒಳಗಿನ ನಾಣ್ಯದಾಕಾರದ ಬ್ಯಾಟರಿ ಸತ್ತಿದೆ, ಸಾಮಾನ್ಯವಾಗಿ ಅದು ಸಿಆರ್2032. ತುರ್ತಿಗೆ ನೋಂದಣಿ ವೇಳೆ ಕೊಟ್ಟ ಬ್ಯಾಕಪ್ ಕೋಡ್ ಬಳಸಿ.

ಇನ್ನೊಂದು ವಿಚಿತ್ರ ಲಕ್ಷಣವಿದೆ. ಪಾಸ್‌ವರ್ಡ್ ಒಪ್ಪುತ್ತದೆ, ಒಂದು ಕ್ಷಣ ಚಕ್ರ ತಿರುಗುತ್ತದೆ, ಮತ್ತೆ ಅದೇ ಲಾಗಿನ್ ಪುಟ. ಬ್ರೌಸರಿನ ಖಾಸಗಿ ಕಿಟಕಿಯಲ್ಲಿ ಪ್ರಯತ್ನಿಸಿ. ಅಲ್ಲಿ ಸರಿಹೋದರೆ ಹಳಸಿದ ಕುಕ್ಕಿಯ ದೋಷ. ಅಲ್ಲೂ ಹೀಗೆಯೇ ಆದರೆ ನ್ಯಾಸ್‌ನ ಸಿಸ್ಟಂ ಭಾಗ ತುಂಬಿರಬಹುದು. ನಿಮ್ಮ ಫೈಲುಗಳ ಜಾಗ ಟಿಬಿಗಟ್ಟಲೆ ಖಾಲಿ ಇದ್ದರೂ, ಕಾರ್ಯವ್ಯವಸ್ಥೆ ಕೂತಿರುವ ಭಾಗ ಕೆಲವೇ ಜಿಬಿಯದು. ಲಾಗ್ ಫೈಲುಗಳು ಉಬ್ಬಿ ಅದು ತುಂಬಿದರೆ ಸೆಷನ್ ಬರೆದಿಡಲು ಜಾಗವಿಲ್ಲದೆ ಲಾಗಿನ್ ಮುರಿಯುತ್ತದೆ. ಎಸ್‌ಎಸ್‌ಎಚ್ (ಆಜ್ಞೆಗಳ ಮೂಲಕ ದೂರದಿಂದ ಒಳಹೋಗುವ ದಾರಿ) ತೆರೆದಿದ್ದರೆ ಒಳಹೋಗಿ, ಎಷ್ಟು ಜಾಗ ತುಂಬಿದೆ ಎಂದು ತೋರಿಸುವ ‘ಡಿಎಫ್’ (df) ಆಜ್ಞೆಯಿಂದ ಖಚಿತಪಡಿಸಿಕೊಳ್ಳಿ. ಏನು ಅಳಿಸಬಹುದೆಂದು ಗೊತ್ತಿಲ್ಲದಿದ್ದರೆ ಅಲ್ಲಿಗೇ ಕೈಬಿಟ್ಟು ಕಂಪನಿಯ ಬೆಂಬಲ ಕೇಳಿ.

ಗುಂಡಿ ಒತ್ತಲೇಬೇಕಾದರೆ

ನಿಮ್ಮ ನೇರ ಪ್ರಶ್ನೆಗೆ ಉತ್ತರ: ಸರಿಯಾದ ರೀತಿಯಲ್ಲಿ, ಸರಿಯಾದಷ್ಟೇ ಹೊತ್ತು ಒತ್ತಿದರೆ ಫೈಲುಗಳು ಉಳಿಯುತ್ತವೆ. ಆದರೆ ಎಷ್ಟು ಹೊತ್ತು ಎಂಬುದು ಪೆಟ್ಟಿಗೆಯಿಂದ ಪೆಟ್ಟಿಗೆಗೆ ಬೇರೆ. ಸೈನಾಲಜಿಯಲ್ಲಿ ಹಿಂಬದಿಯ ಸಣ್ಣ ರಂಧ್ರದೊಳಗಿನ ಗುಂಡಿಯನ್ನು ಪಿನ್ನಿನಿಂದ ಸುಮಾರು 4 ಸೆಕೆಂಡು ಒತ್ತಿ, ಒಂದು ಬೀಪ್ ಕೇಳಿದೊಡನೆ ಬಿಡಬೇಕು. ಆಗ ಅಡ್ಮಿನ್ ಪಾಸ್‌ವರ್ಡ್ ಮತ್ತು ನೆಟ್‌ವರ್ಕ್ ಸೆಟ್ಟಿಂಗ್‌ಗಳು ಮಾತ್ರ ಮೊದಲಿನಂತಾಗುತ್ತವೆ. ಬಿಟ್ಟ 10 ಸೆಕೆಂಡಿನೊಳಗೆ ಮತ್ತೆ 4 ಸೆಕೆಂಡು ಒತ್ತಿ ಮೂರು ಬೀಪ್ ಬಂದರೆ ಅದು ಇನ್ನೊಂದು ವಿಧ: ಡಿಎಸ್‌ಎಂ ಮತ್ತೆ ಸ್ಥಾಪಿಸುವ ಸ್ಥಿತಿಗೆ ಹೋಗುತ್ತದೆ. ಆಗಲೂ ಡಿಸ್ಕಿನ ಫೈಲುಗಳು ಉಳಿಯುತ್ತವೆ, ಆದರೆ ಸೆಟ್ಟಿಂಗ್‌ಗಳು ಹೋಗುತ್ತವೆ, ಕೈತಪ್ಪಿಗೆ ಅವಕಾಶ ಹೆಚ್ಚು.

ಕ್ಯೂನ್ಯಾಪ್‌ನಲ್ಲಿ 3 ಸೆಕೆಂಡು, ಒಂದು ಬೀಪ್ ಎಂದರೆ ಪಾಸ್‌ವರ್ಡ್ ಮತ್ತು ಮೂಲ ಸೆಟ್ಟಿಂಗ್ ಮಾತ್ರ. 10 ಸೆಕೆಂಡು ಒತ್ತಿ ಎರಡು ಬೀಪ್ ಕೇಳಿಸಿದರೆ ಬಳಕೆದಾರರು, ಗುಂಪುಗಳು, ಹಂಚಿಕೆಯ ವಿವರ ಎಲ್ಲ ಅಳಿದುಹೋಗುತ್ತವೆ. ಡಿಸ್ಕಿನಲ್ಲಿ ಫೈಲುಗಳಿದ್ದರೂ ಫೋಲ್ಡರುಗಳು ಕಾಣುವುದಿಲ್ಲ. ಜನ ಗಾಬರಿಬಿದ್ದು ಹೊಸ ವಾಲ್ಯೂಮ್ (ಫೈಲುಗಳಿಡುವ ಜಾಗ) ಮಾಡಲು ಹೋಗುವುದು ಇಲ್ಲೇ. ಅದೇ ಹೆಸರಿನ ಹಂಚಿಕೆ ಮತ್ತೆ ಸೃಷ್ಟಿಸಿದರೆ ಫೈಲುಗಳು ಸಿಗುತ್ತವೆ. ರೀಸೆಟ್ ನಂತರದ ಪಾಸ್‌ವರ್ಡ್ ಆವೃತ್ತಿಗೆ ತಕ್ಕಂತೆ ಮ್ಯಾಕ್ ವಿಳಾಸ (ಪೆಟ್ಟಿಗೆಯ ನೆಟ್‌ವರ್ಕ್ ಭಾಗದ ಖಾಯಂ ಗುರುತು) ಅಥವಾ ಕ್ಲೌಡ್ ಕೀ ಆಗಿರುತ್ತದೆ. ಎರಡೂ ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿವೆ. ಮ್ಯಾಕ್ ವಿಳಾಸವಾದರೆ ಮಧ್ಯದ ಚಿಹ್ನೆಗಳನ್ನು ಬಿಟ್ಟು, ಅಕ್ಷರಗಳನ್ನು ದೊಡ್ಡದಾಗಿ ಹೊಡೆಯಬೇಕು. ಮನೆಬಳಕೆಯ ಕೆಲವು ಸಣ್ಣ ಪೆಟ್ಟಿಗೆಗಳಲ್ಲಿ ಪೂರ್ತಿ ಫ್ಯಾಕ್ಟರಿ ರೀಸ್ಟೋರ್ ಮಾಡಿದರೆ ಡಿಸ್ಕೂ ಖಾಲಿಯಾಗುತ್ತದೆ. ಆದ್ದರಿಂದ ನಿಮ್ಮ ಮಾದರಿಯ ಕೈಪಿಡಿ ತೆರೆದಿಟ್ಟುಕೊಂಡೇ ಪಿನ್ ಹಿಡಿಯಿರಿ.

ಯಾವುದಾದರೂ ಫೋಲ್ಡರನ್ನು ಎನ್‌ಕ್ರಿಪ್ಟ್ (ಕೀಲಿಯಿಲ್ಲದೆ ಓದಲಾಗದಂತೆ) ಮಾಡಿದ್ದೀರಾ? ಹಾಗಿದ್ದರೆ ಅದರ ಕೀಲಿ ಕೈಯಲ್ಲಿಲ್ಲದೆ ಗುಂಡಿ ಮುಟ್ಟಬೇಡಿ. ರೀಸೆಟ್ ಆದ ಮೇಲೆ ಆ ಫೋಲ್ಡರ್ ತಾನಾಗಿ ತೆರೆದುಕೊಳ್ಳುವುದಿಲ್ಲ, ಕೀಲಿ ಕೇಳುತ್ತದೆ. ಕೀಲಿ ಕಳೆದರೆ ಕಂಪನಿಯೂ ಏನೂ ಮಾಡಲಾರದು. ಈಗ ಅದು ತೆರೆದ ಸ್ಥಿತಿಯಲ್ಲಿದ್ದರೆ ನ್ಯಾಸನ್ನು ಆಫ್ ಮಾಡುವ ಮುಂಚೆಯೇ ಒಳಗಿನದನ್ನು ನಕಲಿಸಿಕೊಳ್ಳಿ.

ಪೆಟ್ಟಿಗೆಯೇ ಏಳದೆ ಹೋದರೂ ಡಿಸ್ಕುಗಳು ಬದುಕಿರುತ್ತವೆ. ಆಫ್ ಮಾಡಿದ ಮೇಲೆ, ಪ್ರತಿ ಡಿಸ್ಕಿಗೆ 1, 2, 3, 4 ಎಂದು ಚೀಟಿ ಅಂಟಿಸಿ ಹೊರತೆಗೆಯಿರಿ. ಅವನ್ನು ವಿಂಡೋಸ್ ಕಂಪ್ಯೂಟರಿಗೆ ಹಾಕಿದರೆ ‘ಡಿಸ್ಕನ್ನು ಇನಿಶಿಯಲೈಸ್ ಮಾಡಬೇಕು’, ‘ಫಾರ್ಮ್ಯಾಟ್ ಮಾಡಬೇಕು’ ಎಂದು ಕೇಳುತ್ತದೆ. ಕ್ಯಾನ್ಸಲ್ ಒತ್ತಿ. ಆ ಡಿಸ್ಕಿನಲ್ಲಿರುವುದು ಲಿನಕ್ಸ್‌ನ ಇಎಕ್ಸ್‌ಟಿ4 ಅಥವಾ ಬಿಟಿಆರ್‌ಎಫ್‌ಎಸ್ ಎಂಬ ಫೈಲು ವ್ಯವಸ್ಥೆ, ವಿಂಡೋಸ್‌ಗೆ ಅದು ಓದಲು ಬಾರದು, ಅಷ್ಟೇ. ಅದೇ ಕಂಪನಿಯ ಇನ್ನೊಂದು ಹೊಂದಿಕೆಯಾಗುವ ಪೆಟ್ಟಿಗೆಗೆ ಅದೇ ಕ್ರಮದಲ್ಲಿ ಹಾಕುವುದು ಸುಲಭದ ದಾರಿ. ಅದಿಲ್ಲದಿದ್ದರೆ ಪೆನ್‌ಡ್ರೈವಿನಿಂದ ಉಬುಂಟು ಎಂಬ ಲಿನಕ್ಸ್ ಓಡಿಸಿ, ಎಂಡಿಎಡಿಎಂ (mdadm) ಉಪಕರಣದಿಂದ ರೇಡ್ ಜೋಡಿಸಿ, ಓದಲು ಮಾತ್ರ ಎಂಬ ಸ್ಥಿತಿಯಲ್ಲಿ ಮೌಂಟ್ ಮಾಡಬೇಕು. ರೇಡ್ 5ರ ನಾಲ್ಕರಲ್ಲಿ ಕನಿಷ್ಠ ಮೂರು ಡಿಸ್ಕ್ ಬೇಕು. ಒಂದನ್ನೇ ಹಾಕಿ ಫೈಲು ಹುಡುಕಿದರೆ ಏನೂ ಸಿಗದು. ಜೋಡಿಸುವ ಆಜ್ಞೆಯ ಬದಲು ಹೊಸದಾಗಿ ಸೃಷ್ಟಿಸುವ ಆಜ್ಞೆ ಕೊಟ್ಟವರು ಅಳುವುದನ್ನು ಬಿಟ್ಟರೆ ಬೇರೆ ದಾರಿ ಕಡಿಮೆ.

ಒಳಹೊಕ್ಕ ದಿನವೇ ಮಾಡಬೇಕಾದ್ದು

‘ಬೇರೆ ಬ್ಯಾಕಪ್ ಇಲ್ಲ’ ಎಂಬುದು ನಿಮ್ಮ ಪತ್ರದ ಕೊನೆಯ ಸಾಲು. ನಾನಾಗಿದ್ದರೆ ಅದರಿಂದಲೇ ಶುರು ಮಾಡುತ್ತಿದ್ದೆ. ರೇಡ್ 5 ಒಂದು ಡಿಸ್ಕ್ ಸತ್ತರೆ ಕೆಲಸ ನಿಲ್ಲದಂತೆ ನೋಡಿಕೊಳ್ಳುತ್ತದೆ. ಯಾರೋ ಫೋಲ್ಡರ್ ಅಳಿಸಿದರೆ ನಾಲ್ಕೂ ಡಿಸ್ಕಿನಿಂದ ಅದು ಒಟ್ಟಿಗೇ ಅಳಿಯುತ್ತದೆ. ಜತೆಗೆ, ಒಂದೇ ದಿನ ಕೊಂಡ ಡಿಸ್ಕುಗಳು ಒಂದೇ ವಯಸ್ಸಿನವು. ಒಂದು ಹೋದಾಗ ಉಳಿದ ಮೂರನ್ನೂ ಮೊದಲಿನಿಂದ ಕೊನೆಯವರೆಗೆ ಓದಿ ಹೊಸ ಡಿಸ್ಕ್ ತುಂಬಬೇಕು. ಸಾಮಾನ್ಯ ಡಿಸ್ಕುಗಳ ವಿವರಪಟ್ಟಿಯಲ್ಲಿ 10ರ 14ನೇ ಘಾತದಷ್ಟು ಬಿಟ್‌ಗೆ ಒಂದು ಓದಲಾಗದ ದೋಷ ಎಂದಿರುತ್ತದೆ, ಅಂದರೆ ಸುಮಾರು 12.5 ಟಿಬಿ ಓದಿಗೆ ಒಂದು. ನಿಜದಲ್ಲಿ ಡಿಸ್ಕುಗಳು ಇದಕ್ಕಿಂತ ಚೆನ್ನಾಗಿಯೇ ನಡೆದುಕೊಳ್ಳುತ್ತವೆ, ಆದರೂ 4 ಟಿಬಿಯ ಮೂರು ಡಿಸ್ಕ್ ಎಂದರೆ 12 ಟಿಬಿ ಓದು ಎಂಬುದು ನೆನಪಿರಲಿ.

ಒಳಹೊಕ್ಕ ಕೂಡಲೇ 8 ಟಿಬಿಯ ಯುಎಸ್‌ಬಿ ಡಿಸ್ಕನ್ನು ನ್ಯಾಸ್‌ಗೇ ಚುಚ್ಚಿ ನಕಲು ಶುರು ಮಾಡಿ. ಲ್ಯಾಪ್‌ಟಾಪ್ ಮೂಲಕ ಗಿಗಾಬಿಟ್ ಕೇಬಲ್‌ನಲ್ಲಿ ನಕಲಿಸಿದರೂ ಸೆಕೆಂಡಿಗೆ ಸುಮಾರು 110 ಎಂಬಿ ಸಿಗುತ್ತದೆ. 6 ಟಿಬಿಗೆ 15 ಗಂಟೆ. ವೈಫೈನಲ್ಲಿ ಇನ್ನೂ ನಿಧಾನ. ಕ್ಲೌಡ್‌ಗೆ 50 ಎಂಬಿಪಿಎಸ್ ಅಪ್‌ಲೋಡ್ ಇದ್ದರೆ ಅದೇ 6 ಟಿಬಿಗೆ 11 ದಿನ ಬೇಕು, ಹಾಗಾಗಿ ಮೊದಲ ಪ್ರತಿ ಡಿಸ್ಕಿಗೇ ಆಗಲಿ. ಬ್ಯಾಕಪ್ ಮುಗಿದೊಡನೆ ಆ ಡಿಸ್ಕನ್ನು ಕಿತ್ತು ಬೇರೆಡೆ ಇಡಿ. ಸದಾ ಚುಚ್ಚಿಯೇ ಇಟ್ಟರೆ ನ್ಯಾಸ್‌ಗೆ ಬಂದ ವಿಪತ್ತು ಅದಕ್ಕೂ ಬರುತ್ತದೆ. ಎರಡು ಡಿಸ್ಕ್ ಇಟ್ಟುಕೊಂಡು ವಾರಕ್ಕೊಂದರಂತೆ ಬದಲಿಸಿದರೆ ಒಂದು ಯಾವಾಗಲೂ ಹೊರಗಿರುತ್ತದೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಕಟ್ಟಡದಲ್ಲಿ ಎಂಬ 3-2-1 ನಿಯಮ ಇಷ್ಟರಲ್ಲೇ ಬಹುಪಾಲು ಮುಗಿಯಿತು.

ಬರೀ ಸಿಂಕ್ ಮಾಡಿ ಬ್ಯಾಕಪ್ ಎಂದುಕೊಳ್ಳಬೇಡಿ. ನಕಲು ಮಾಡುವ ಆರ್‌ಸಿಂಕ್ ಪ್ರೋಗ್ರಾಂಗೆ ಡಿಲೀಟ್ ಆಯ್ಕೆ ಕೊಟ್ಟಿದ್ದರೆ ಮೂಲದಲ್ಲಿ ಅಳಿದದ್ದು ಪ್ರತಿಯಲ್ಲೂ ನಿಷ್ಠೆಯಿಂದ ಅಳಿಯುತ್ತದೆ. ಹಳೆಯ ಆವೃತ್ತಿಗಳನ್ನು ಉಳಿಸುವ ಬ್ಯಾಕಪ್ ಪ್ರೋಗ್ರಾಂ ಬೇಕು. ನ್ಯಾಸ್ ಬಿಟಿಆರ್‌ಎಫ್‌ಎಸ್ ಅಥವಾ ಝಡ್‌ಎಫ್‌ಎಸ್ ಬಳಸುತ್ತಿದ್ದರೆ ಗಂಟೆಗೊಂದು ಸ್ನ್ಯಾಪ್‌ಶಾಟ್ (ಆ ಕ್ಷಣದ ಫೈಲುಗಳ ಸ್ಥಿತಿಯ ದಾಖಲೆ) ಹಾಕಿ. ತಪ್ಪಿ ಅಳಿಸಿದ ಫೈಲು ನಿಮಿಷದಲ್ಲಿ ಹಿಂದಿರುಗುತ್ತದೆ. ಆದರೆ ಸ್ನ್ಯಾಪ್‌ಶಾಟ್ ಅದೇ ಡಿಸ್ಕುಗಳಲ್ಲಿ ಕೂತಿರುವುದರಿಂದ ಅದು ಬ್ಯಾಕಪ್ಪಿನ ಬದಲಿಯಲ್ಲ. ತಿಂಗಳಿಗೊಮ್ಮೆ ಯಾವುದಾದರೂ ಹತ್ತು ಫೈಲು ಬ್ಯಾಕಪ್‌ನಿಂದ ಹಿಂಪಡೆದು ತೆರೆದು ನೋಡಿ. ಪೆಟ್ಟಿಗೆಯ ಹಸಿರು ದೀಪವನ್ನು ನಂಬಿ ಕೂರುವುದಕ್ಕಿಂತ ಇದು ಮೇಲು.

ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿಯಲ್ಲಿ 5, 197, 198ನೇ ಸಾಲುಗಳು ಸೊನ್ನೆಯಿಂದ ಏರುತ್ತಿದ್ದರೆ ಬದಲಿ ಡಿಸ್ಕ್ ತರಿಸಿ. 199 ಮಾತ್ರ ಏರಿದರೆ ಡಿಸ್ಕಿನ ಬದಲು ಕೇಬಲ್ ಅಥವಾ ಸ್ಲಾಟಿನ ಸಂಪರ್ಕ ನೋಡಿ. ಯುಪಿಎಸ್ ಇಲ್ಲದೆ ರೇಡ್ 5 ನಡೆಸಬೇಡಿ. ಬರೆಯುವ ನಡುವೆ ಕರೆಂಟ್ ಹೋದರೆ ಡೇಟಾ ಒಂದು ಕಡೆ, ಪ್ಯಾರಿಟಿ (ಸತ್ತ ಡಿಸ್ಕನ್ನು ಮರುಕಟ್ಟಲು ಬೇಕಾದ ಲೆಕ್ಕ) ಇನ್ನೊಂದು ಕಡೆ ಆಗುತ್ತದೆ. ಯುಪಿಎಸ್‌ನ ಯುಎಸ್‌ಬಿ ತಂತಿಯನ್ನು ನ್ಯಾಸ್‌ಗೆ ಜೋಡಿಸಿದರಷ್ಟೇ ಅದು ಸಮಯಕ್ಕೆ ಸರಿಯಾಗಿ ತಾನೇ ಮುಚ್ಚಿಕೊಳ್ಳುವುದು.

ತಡೆಪಟ್ಟಿ ನೋಡುವಾಗ ನಿಮ್ಮ ಕಚೇರಿಯವಲ್ಲದ, ಹೊರಗಿನ ಐಪಿಗಳೂ ಕಂಡವೇ? ಕಂಡಿದ್ದರೆ ನ್ಯಾಸ್ ಇಂಟರ್ನೆಟ್ಟಿಗೆ ನೇರವಾಗಿ ತೆರೆದಿದೆ, ಮತ್ತು ಯಾರೋ ಹಗಲಿರುಳೂ ಪಾಸ್‌ವರ್ಡ್ ಊಹಿಸುತ್ತಿದ್ದಾರೆ. ರೌಟರಿನಲ್ಲಿ ಯುಪಿಎನ್‌ಪಿ (ಯಂತ್ರಗಳು ತಾವೇ ಹೊರದಾರಿ ತೆರೆಯುವ ವ್ಯವಸ್ಥೆ) ಆಫ್ ಮಾಡಿ, 445, 5000, 5001, 8080ರ ಪೋರ್ಟ್ ಫಾರ್ವರ್ಡಿಂಗ್ (ಹೊರಗಿನವರನ್ನು ಒಳಗೆ ಬಿಡುವ ನಿಯಮ) ಅಳಿಸಿ. ಹೊರಗಿನಿಂದ ಬೇಕೇಬೇಕೆಂದರೆ ವೈರ್‌ಗಾರ್ಡ್‌ನಂಥ ವಿಪಿಎನ್ (ಇಂಟರ್ನೆಟ್ ಮೂಲಕ ಹಾದುಹೋಗುವ ಖಾಸಗಿ ಸುರಂಗ) ಹಾಕಿ. 2021ರ ಏಪ್ರಿಲ್‌ನಲ್ಲಿ ಕ್ಯೂಲಾಕರ್, 2022ರ ಜನವರಿಯಿಂದ ಡೆಡ್‌ಬೋಲ್ಟ್ ಎಂಬ ರ‍್ಯಾನ್ಸಮ್‌ವೇರ್‌ಗಳು ಕ್ಯೂನ್ಯಾಪ್ ಪೆಟ್ಟಿಗೆಗಳಿಗೆ ನುಗ್ಗಿದ್ದು ಇಂಟರ್ನೆಟ್ಟಿಗೆ ತೆರೆದಿಟ್ಟ ದಾರಿಯಿಂದ. ಡೆಡ್‌ಬೋಲ್ಟ್ ಅಂತೂ ಲಾಗಿನ್ ಪುಟವನ್ನೇ ಕಿತ್ತು ಅಲ್ಲಿ ಹಣದ ಬೇಡಿಕೆ ಹಾಕುತ್ತಿತ್ತು. ಅಂಥ ಪುಟ ಕಂಡರೆ ನೆಟ್‌ವರ್ಕ್ ಕೇಬಲ್ ಕೀಳಿ, ಪುಟದ ಚಿತ್ರ ತೆಗೆದಿಟ್ಟುಕೊಳ್ಳಿ, ಅಪ್‌ಡೇಟ್ ಒತ್ತುವುದು ಅದಾದ ಮೇಲೆ.

ಖಾತೆಗಳ ವಿಚಾರದಲ್ಲಿ, ‘ಅಡ್ಮಿನ್’ ಎಂಬ ಹೆಸರಿನ ಖಾತೆ ನಿಷ್ಕ್ರಿಯಗೊಳಿಸಿ ಬೇರೆ ಹೆಸರಿನ ಎರಡು ಆಡಳಿತ ಖಾತೆ ಮಾಡಿ. ಎರಡನೆಯದರ ಪಾಸ್‌ವರ್ಡ್, ಎರಡನೇ ಹಂತದ ಬ್ಯಾಕಪ್ ಕೋಡ್, ಎನ್‌ಕ್ರಿಪ್ಷನ್ ಕೀಲಿ ಇವನ್ನು ಕಾಗದದಲ್ಲಿ ಬರೆದು ಮೊಹರು ಮಾಡಿ ಬೀರುವಿನಲ್ಲಿಡಿ. ನ್ಯಾಸ್‌ನ ಒಳಗಿನ ಫೈಲಿನಲ್ಲಿ ಅಲ್ಲ. ದಿನನಿತ್ಯದ ಕೆಲಸಕ್ಕೆ ಎಲ್ಲರೂ ಸಾಮಾನ್ಯ ಖಾತೆ ಬಳಸಲಿ, ಬ್ಯಾಕಪ್ ಇರುವ ಫೋಲ್ಡರಿಗೆ ಅವರಾರಿಗೂ ಬರೆಯುವ ಅನುಮತಿ ಬೇಡ. ಒಬ್ಬರ ಲ್ಯಾಪ್‌ಟಾಪಿಗೆ ರ‍್ಯಾನ್ಸಮ್‌ವೇರ್ ಹೊಕ್ಕರೆ ಅದು ಮ್ಯಾಪ್ ಆದ ಡ್ರೈವನ್ನೂ ಬಿಡುವುದಿಲ್ಲ.

ಇಷ್ಟೆಲ್ಲ ನೋಡಿಯೂ ಬಾಗಿಲು ತೆರೆಯದಿದ್ದರೆ ಕಂಪನಿಯ ಬೆಂಬಲಕ್ಕೆ ಬರೆಯುವಾಗ ಮಾದರಿ ಸಂಖ್ಯೆ, ಆವೃತ್ತಿ, ದೋಷದ ಪೂರ್ಣ ಸಾಲು, ಪೆಟ್ಟಿಗೆಯ ಪ್ರತಿ ದೀಪದ ಬಣ್ಣ, ಶುರುವಾಗುವಾಗ ಎಷ್ಟು ಬೀಪ್ ಎಂಬುದನ್ನು ಮೊದಲ ಪತ್ರದಲ್ಲೇ ತಿಳಿಸಿ. ಪಾಸ್‌ವರ್ಡ್ ಕೇಳಿದರೆ ಕೊಡಬೇಡಿ. ದೂರದಿಂದ ನೋಡಲು ಅನುಮತಿ ಕೇಳಿದರೆ ನಕಲು ಮುಗಿದ ಮೇಲೆ, ತಾತ್ಕಾಲಿಕ ಖಾತೆ ಮಾಡಿ ಕೊಡಿ, ಕೆಲಸ ಮುಗಿದೊಡನೆ ಅಳಿಸಿ.